ಒಂಬತ್ತು ಗ್ರಾಂ ನೀರು

ಹದಿನಾರು ಗ್ರಾಮಿಗೇ ಅವನ ಕೈ ನಿಂತುಬಿಟ್ಟಾಗ ಅವಳು ಬೆಚ್ಚಿ ತಕ್ಕಡಿಯತ್ತ ನೋಡಿದಳು.

ಪ್ರಯೋಗಾಲಯದ ಖಾಯಂ ಹುದ್ದೆಗೆ ಪರೀಕ್ಷೆ. ಹತ್ತನೇ ಒಂದರಷ್ಟು ಮೋಲ್ ಮೈಲುತುತ್ತದ ನೀಲಿ ಹರಳು ತೂಗಿ ದ್ರಾವಣ ಮಾಡಬೇಕು. ಅವನು ಆರು ವರ್ಷದಿಂದ ಇದೇ ಕಾಲೇಜಿನ ಸ್ಟೋರಿನಲ್ಲಿ ತಾತ್ಕಾಲಿಕ ನೌಕರ. ಅವಳು ಕೆಮಿಸ್ಟ್ರಿ ಮೇಡಂ, ಇವತ್ತು ಪರೀಕ್ಷೆಯ ಕಾವಲಿಗೆ ನಿಂತವಳು. ಪಾಸಾದರೆ ಅವನಿಗೆ ದೂರದ ಊರಿನ ಕಾಲೇಜಿನಲ್ಲಿ ಕೆಲಸ. ಫೇಲಾದರೆ ಇಲ್ಲೇ, ಅದೇ ಬಾಟಲಿ ತೊಳೆಯುವುದು.

ಮೋಲ್ ಕಲಿಸಿದ್ದು ಅವಳೇ. "ಡಜನ್ ಅಂದ್ರೆ ಹನ್ನೆರಡು, ನಿಂಬೆಹಣ್ಣಾದ್ರೂ ಕುಂಬಳಕಾಯಾದ್ರೂ. ಮೋಲೂ ಹಾಗೇ. ಕಣಗಳ ಎಣಿಕೆ ಒಂದೇ, ತೂಕ ಬೇರೆ ಬೇರೆ" ಎಂದಾಗ, "ಅಲ್ಲಿಗೆ ನೀವು ನಿಂಬೆಹಣ್ಣು, ನಾನು ಕುಂಬಳಕಾಯಿ ಅನ್ನಿ" ಎಂದು ಓರೆಗಣ್ಣಲ್ಲಿ ನೋಡಿ ನಕ್ಕಿದ್ದ. ಮೈಲುತುತ್ತದ ಹರಳಿನೊಳಗೆ ನೀರು ಅಡಗಿರುತ್ತದೆ, ಅದನ್ನು ಬಿಟ್ಟರೆ ಹದಿನಾರು ಗ್ರಾಂ, ಸೇರಿಸಿದರೆ ಇಪ್ಪತ್ತೈದು ಎಂದು ಅವಳು ಹೇಳಿದ್ದು ಒಂದೇ ಸಲ. ಆಮೇಲೆ ಅವನು ಎಂದೂ ತಪ್ಪಿರಲಿಲ್ಲ. ಮರೆತ ವಿದ್ಯಾರ್ಥಿಗಳನ್ನು "ನೀರು ಎಲ್ಲಿ ಹೋಯ್ತಪ್ಪಾ?" ಎಂದು ರೇಗಿಸುತ್ತಿದ್ದವನೂ ಅವನೇ.

ಮರೆತಿಲ್ಲ ಇವನು. ಬೇಕೆಂದೇ ಮಾಡುತ್ತಿದ್ದಾನೆ.

ಅಯ್ಯೋ, ಒಂದು ಕ್ಷಣ ಅವಳಿಗೆ ಸಂತೋಷವೇ ಆಯಿತು! ಸುಮ್ಮನಿದ್ದರೆ ಸಾಕು, ನಾಳೆಯೂ ಸ್ಟೋರಿನ ಕಿಟಕಿಯಲ್ಲಿ ಆ ಮುಖ. ಮರುಗಳಿಗೆಯೇ ತನ್ನ ಮೇಲೆ ತನಗೇ ಹೇಸಿಗೆಯಾಗಿ ಕಣ್ಣು ತುಂಬಿತು. ಬಾಯಿ ಬಿಡುವಂತಿಲ್ಲ. ಅಷ್ಟರಲ್ಲಿ ಅವನು ತಲೆಯೆತ್ತಿದ. ಅವಳ ಒದ್ದೆ ಕೆನ್ನೆಯನ್ನು ಕಂಡು ಪೆಚ್ಚಾದ. ಮೆಲ್ಲಗೆ ಚಮಚ ಎತ್ತಿಕೊಂಡು ಉಳಿದ ಒಂಬತ್ತು ಗ್ರಾಂ ಹಾಕಿದ.

ಸಂಜೆ ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಅವನೇ ಮೊದಲಿಗ.

"ತಲೆಗಿಲೆ ಕೆಟ್ಟಿತ್ತಾ ನಿಮಗೆ?" ಖಾಲಿ ಕಾರಿಡಾರಿನಲ್ಲಿ ಅವಳು ತರಾಟೆಗೆ ತೆಗೆದುಕೊಂಡಳು.

"ಫೇಲಾದ್ರೆ ಇಲ್ಲೇ ಇರಬಹುದಿತ್ತಲ್ಲ, ಮೇಡಂ."

"ನಾನೂ ಅದನ್ನೇ ಆಸೆಪಟ್ಟೆ ಕಣ್ರೀ. ಥೂ, ಎಂಥವಳು ನಾನು!"

"ಮತ್ತೆ ಅತ್ತಿದ್ದು ಯಾಕೆ?"

"ಯಾಕೆ ಅಂದ್ರೆ? ನೀವಂದ್ರೆ ನನಗೆ ಪ್ರಾಣ. ನನಗೋಸ್ಕರ ನೀವು ಇನ್ನೂ ಆರು ವರ್ಷ ಬಾಟಲಿ ತೊಳೆಯೋದನ್ನ ನಾನು ನೋಡಲಾರೆ."

ಅವನು ತನ್ನ ಕೈ ನೋಡಿಕೊಂಡ. ಮೈಲುತುತ್ತದ ನೀಲಿ ಇನ್ನೂ ಅವನ ಬೆರಳ ತುದಿಯಲ್ಲಿತ್ತು.

"ಹಾಗಾದ್ರೆ ಹೋಗಿಬರ್ತೀನಿ, ಮೇಡಂ."

"ಇನ್ನೂ ಎಂಥ ಮೇಡಂ?"

"ಮತ್ತೇನಂತ ಕರೀಲಿ?"

"ಮೊದಲನೇ ರಜೆಗೆ ನಮ್ಮನೆಗೆ ಬನ್ನಿ," ಎಂದಳು ಅವಳು, ಈ ಸಲ ನಗುತ್ತ. "ಏನಂತ ಕರೀಬೇಕು ಅಂತ ಅಪ್ಪನ ಎದುರೇ ಹೇಳ್ತೀನಿ."