ಮಾವನಿಗೊಬ್ಬನೇ ಅಳಿಯ

ಮಾವ ಸಾಯುವ ಲಕ್ಷಣವೇ ಇರಲಿಲ್ಲ. ಕಣ್ಣು ಮಂಜಾಗಿತ್ತು, ಮಂಡಿ ಹಿಡಿದುಕೊಂಡಿತ್ತು, ನಾಲಿಗೆ ಮಾತ್ರ ಗಾಜು ಕೊಯ್ಯುವ ವಜ್ರದಷ್ಟೇ ಚೂಪು. ಕನ್ನಡಿ ಅಂಗಡಿಗೆ ಬಂದ ಗಿರಾಕಿಗಳ ಮುಂದೆಯೇ, "ನಮ್ಮ ಅಳಿಯಂದಿರಿಗೆ ಗಾಜು ಕೊಯ್ಯೋಕೆ ಬರುತ್ತೆ, ವ್ಯಾಪಾರದ ಮಾತು ಮಾತ್ರ ಕೇಳಬೇಡಿ," ಎನ್ನುತ್ತಿದ್ದರು. ಗಿರಾಕಿ ನಗುತ್ತಿದ್ದ. ಅಳಿಯನೂ ಹಲ್ಲು ಕಿರಿಯಬೇಕಾಗುತ್ತಿತ್ತು.

ಮದುವೆಯಾದಂದಿನಿಂದ ಅವನು ಬೆವರು ಸುರಿಸಿದ್ದು ಅಲ್ಲೇ. ಕೆಳಗೆ ಅಂಗಡಿ, ಮೇಲೆ ಮನೆ. ಹೆಂಡತಿ ಇದ್ದಾಗ ಅಪ್ಪನಿಗೂ ಗಂಡನಿಗೂ ನಡುವೆ ನಿಂತು ಇಬ್ಬರನ್ನೂ ಸುಮ್ಮನಿರಿಸುತ್ತಿದ್ದಳು. ಅವರಿಗೆ ಅವಳೊಬ್ಬಳೇ ಮಗಳು. ಮಗುವಾಗುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಆಮೇಲೆ ಉಳಿದದ್ದು ಇಬ್ಬರು ಗಂಡಸರು, ಗೋಡೆ ತುಂಬ ಕನ್ನಡಿಗಳು. ಕನ್ನಡಿ ಒರೆಸುವಾಗ ಬೆನ್ನ ಹಿಂದೆ ಅವಳ ಹೆಗಲು ಸರಿದುಹೋದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ. ಕಡೆಗೆ ಅವನು ತಿರುಗುವುದನ್ನೇ ಬಿಟ್ಟ.

ಮುದುಕ ಅಂಗಡಿ ಮಾರುವ ಮಾತೆತ್ತಿದ ಮೇಲೆಯೇ ಅವನ ತಲೆ ಓಡತೊಡಗಿದ್ದು. ಆತುರಪಡಲಿಲ್ಲ. ಊರಾಚೆಯ ವಕೀಲರೊಬ್ಬರ ಕಚೇರಿಗೆ ಕನ್ನಡಿ ಕೂರಿಸಲು ಹೋದವನು, ಗೋಡೆ ಕೊರೆಯುತ್ತಲೇ, ಗೆಳೆಯನೊಬ್ಬನ ವಿಷಯವೆಂಬಂತೆ ಕೇಳಿದ.

"ಅವನ ಮಾವನಿಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಇರೋದು ಅಳಿಯ ಒಬ್ನೇ. ನಾಳೆ ಅವರು ಹೋಗಿಬಿಟ್ರೆ ಆಸ್ತಿ ಯಾರಿಗೆ ಸಾರ್?"

"ಇನ್ಯಾರಿಗೆ? ಅಳಿಯನಿಗೇ," ಎಂದರು ವಕೀಲರು, ಹೊಸ ಕನ್ನಡಿಯಲ್ಲಿ ಮೀಸೆ ತೀಡಿಕೊಳ್ಳುತ್ತ.

ಅಷ್ಟು ಸಾಕಾಗಿತ್ತು. ಉಳಿದದ್ದು ಕೈಕೆಲಸ. ಮಾವ ಮೆಟ್ಟಿಲಿಳಿಯುವಾಗ ಮೇಲಿನ ತುದಿಯ ಕಂಬಿಗೆ ಮೈಭಾರವನ್ನೆಲ್ಲ ಬಿಡುತ್ತಿದ್ದರು. ಅಲ್ಲಿನ ಸ್ಕ್ರೂಗಳು ಒಂದು ಬೆಳಿಗ್ಗೆ ಅವನ ಜೇಬಿನಲ್ಲಿದ್ದವು. ಮುದುಕ ಕೂಗಲೂ ಇಲ್ಲ. ಜನ ಸೇರುವಷ್ಟರಲ್ಲಿ ಸ್ಕ್ರೂಗಳು ತಮ್ಮ ಜಾಗಕ್ಕೆ ಬಂದು ಬಿಗಿಯಾಗಿ ಕುಳಿತಿದ್ದವು. ಕಣ್ಣು ಕಾಣದವರು, ಕಾಲು ಜಾರಿದರು ಎಂದು ಡಾಕ್ಟರೂ ಹೇಳಿದರು, ನೆರೆಯವರೂ ಹೇಳಿದರು. ಅವನು ಎಲ್ಲರಿಗಿಂತ ಹೆಚ್ಚು ಅತ್ತ. ಅಳು ನಿಜವಾಗಿಯೇ ಬಂತು. ಅದೊಂದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆದರೆ ಮೆಟ್ಟಿಲು ಸುಮ್ಮನಾಗಲಿಲ್ಲ. ಹಾಡುಹಗಲಿನಲ್ಲೇ ಮಾವನ ಕೋಲು ಟಕ್ ಟಕ್ ಎಂದು ಇಳಿದು, ಕಡೆಯ ಮೆಟ್ಟಿಲಿಗೆ ಬರುವ ಮುನ್ನ ನಿಂತುಹೋಗುತ್ತಿತ್ತು. ಕನ್ನಡಿಯೊಳಗೆ ಈಗ ಹೆಂಡತಿ ಸರಿದುಹೋಗುತ್ತಿರಲಿಲ್ಲ, ನಿಂತು ನೋಡುತ್ತಿದ್ದಳು. ಎಲ್ಲ ಕನ್ನಡಿಗಳನ್ನೂ ಅವನು ಗೋಡೆಗೆ ಮುಖಮಾಡಿ ನಿಲ್ಲಿಸಿದ. ಅಂಗಡಿ ತನ್ನ ಹೆಸರಿಗಾದ ದಿನವೇ ಮೆಟ್ಟಿಲು ಒಡೆಸುತ್ತೇನೆ, ಹೊಸ ಕನ್ನಡಿ ತರಿಸುತ್ತೇನೆ ಎಂದು ತನಗೇ ಸಮಾಧಾನ ಹೇಳಿಕೊಂಡ.

ಕಾಗದಪತ್ರ ಮಾಡಿಸಲು ಅದೇ ವಕೀಲರ ಬಳಿ ಹೋದ. ಅಷ್ಟು ದೊಡ್ಡ ಮನುಷ್ಯರಿಗೆ ಗೋಡೆ ಕೊರೆಯಲು ಬಂದವನ ನೆನಪೆಲ್ಲಿ? ಅಳಿಯನಿಗೇ ಎಂದ ಬಾಯಿಂದಲೇ ಕೆಲಸವಾಗಲಿ ಎಂಬ ಗತ್ತೂ ಇತ್ತು.

ಮಾವ ತೀರಿಕೊಂಡರು, ಅವರಿಗೆ ತಾನೊಬ್ಬನೇ ಅಳಿಯ ಎಂದ. ವಕೀಲರು ಕನ್ನಡಕವೇರಿಸಿ ಪೆನ್ನು ತೆಗೆದರು. "ತೀರಿಕೊಂಡೋರು ನಿಮ್ಮ ತಾಯಿಗೆ ಅಣ್ಣನಾ, ತಮ್ಮನಾ?" ಅವನು ಗೊಂದಲದಿಂದ, ತಾಯಿಗೆ ಅವರು ಏನೂ ಆಗಬೇಕಿಲ್ಲ, ತಾನು ಅವರ ಮಗಳ ಗಂಡ ಎಂದ. ಪೆನ್ನು ನಿಂತಿತು. "ಮಕ್ಕಳಿಲ್ಲ ಅಂದಿದ್ರಲ್ರೀ. ಮಕ್ಕಳಿಲ್ಲದೋರಿಗೆ ಮಗಳ ಗಂಡ ಎಲ್ಲಿಂದ ಬರ್ತಾನೆ? ಅಳಿಯ ಅಂದ್ರೆ ಅಕ್ಕನೋ ತಂಗಿಯೋ ಹೆತ್ತ ಮಗ ಅಂದ್ಕೊಂಡೆ ನಾನು. ಅವನಾದ್ರೆ ರಕ್ತಸಂಬಂಧಿ. ನೀವು ಹೆಂಡ್ತಿ ಕಡೆಯಿಂದ ಬಂದೋರು, ನಿಮಗೆ ಆ ಅಂಗಡಿಯ ಒಂದು ಮೊಳೆನೂ ಬರಲ್ಲ." ಆಮೇಲೆ ಅವರು ಕನ್ನಡಕ ತೆಗೆದು, ಗೋಡೆಯ ಮೇಲೆ ಅವನೇ ಕೂರಿಸಿದ ಕನ್ನಡಿಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದರು: "ಆವತ್ತು ನೀವು ಕೇಳಿದಾಗ ಅವರಿನ್ನೂ ಬದುಕಿದ್ರು, ಅಲ್ವಾ?"