ಉತ್ತರದ ಹದಿನಾರು ಜೊತೆ ಅಲಗು

ಹೊಸ ಲೇಸು ಕೈಯಲ್ಲಿ ಹಿಡಿದು ವೆರಾ ನಾತಿಯುಕ್ ಬೀಗ ತೆಗೆದಳು. ಬೆಳಿಗ್ಗೆ ಒಂಬತ್ತು. ಉತ್ತರ ಸಸ್ಕಾಚೆವಾನಿನ ಐಸ್ ಹಾಕಿ ಹುಡುಗರ ಕೋಣೆ ಖಾಲಿಯಿತ್ತು. ಒಬ್ಬ ಹುಡುಗನ ಲೇಸು ಹರಿದದ್ದನ್ನು ನಿನ್ನೆ ನೋಡಿದ್ದಳು, ಅಷ್ಟೇ.

ಕೊಕ್ಕೆಯಿಂದ ಅವನ ಸ್ಕೇಟ್ ಇಳಿಸಿ, ಅಭ್ಯಾಸದಂತೆ ಅಲಗಿನ ಮೇಲೆ ಉಗುರು ಎಳೆದಳು. ಉಗುರು ಸಿಕ್ಕಿಕೊಂಡಿತು. ಇನ್ನೊಂದು ತೆಗೆದಳು. ಅದೂ ಹಾಗೆಯೇ. ಹದಿನಾರು ಜೊತೆಯೂ ಹಾಳು. ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳು.

ನಿನ್ನೆ ಸಂಜೆ ಅವಳೇ ಅವನ್ನೆಲ್ಲ ಹರಿತ ಮಾಡಿಟ್ಟಿದ್ದಳು. ಆ ಹಿಮದ ಅಂಕಣದಲ್ಲಿ ಮೂವತ್ತೈದು ವರ್ಷದಿಂದ ಅದೇ ಅವಳ ಕೆಲಸ.

ಹನ್ನೊಂದಕ್ಕೆ ಉತ್ತರದವರ ವೇಗದ ಪರೀಕ್ಷೆ. ಜೂನಿಯರ್ ಹಾಕಿ ಕ್ಲಬ್ಬುಗಳ ಆಯ್ಕೆಗಾರರು ಉತ್ತರ, ದಕ್ಷಿಣ ಎರಡನ್ನೂ ಹೋಲಿಸಲು ಬಂದಿದ್ದರು. ಕಳೆದ ಮೂರು ವರ್ಷ ಉತ್ತರದ ಯಾವ ಹುಡುಗನೂ ಮೊದಲ ಸುತ್ತುಗಳಲ್ಲಿ ಆಯ್ಕೆಯಾಗಿರಲಿಲ್ಲ. ಈ ಸಲ ಹದಿನೈದರ ಎಲ್ಡನ್ ಹಾಲ್ಕೆಟ್ ಇದ್ದ. ಇವತ್ತು ಅವನೂ ನಿಧಾನವೆಂದಾದರೆ, ಮುಂದಿನ ವರ್ಷ ಉತ್ತರಕ್ಕೆ ಯಾರೂ ಬರುವುದಿಲ್ಲ.

ಒಂದು ಜೊತೆ ಸರಿಮಾಡಲು ಅರ್ಧ ಗಂಟೆ ಬೇಕು. ಇರುವುದು ಎರಡೇ ಗಂಟೆ.

* * *

"ಇವನೇ!" ಉತ್ತರದ ಕೋಚ್ ವೇಯ್ನ್ ಪ್ರೊಕೊಪ್ ಕೂಗಿದ. "ನಮ್ ಹುಡುಗರು ಕೆಸರಲ್ಲಿ ಓಡ್ತಾರೆ ಅಂತ ನಿನ್ನೆ ಹಲ್ಲು ಕಿರಿದೋನು ಇವನೇ. ಜೇಬು ನೋಡಿ!"

ದಕ್ಷಿಣದ ಕೋಚ್ ಡೀನ್ ಲೋವನ್ ತಾನೇ ಜೇಬು ತಿರುವಿದ. ಅಲಗು ಮಸೆಯುವ ಸಾಣೆಕಲ್ಲು ಬಿತ್ತು.

"ಅಯ್ಯೋ ಮಾರಾಯ, ಸಾಣೆಕಲ್ಲಿಲ್ಲದ ಕೋಚ್ ಯಾರಿದಾನೆ? ತಮಾಷೆ ಮಾಡಿದ್ದು ನಿಜ. ಅಷ್ಟಕ್ಕೇ ಮಕ್ಕಳ ಸ್ಕೇಟ್ ಹಾಳ್ ಮಾಡ್ತೀನಾ?"

ಕೋಣೆಯ ಕೀಲಿ ಕ್ಯಾಂಟೀನಿನ ಮೊಳೆಯ ಮೇಲಿರುತ್ತದೆ. ಯಾರು ಬೇಕಾದರೂ ತೆಗೆಯಬಹುದು.

ವೆರಾ ಅಷ್ಟೂ ಸ್ಕೇಟುಗಳನ್ನು ಮೇಜಿನ ಮೇಲೆ ರಾಶಿ ಹಾಕಿದ್ದಳು. "ಡೀನ್, ಇದ್ರಲ್ಲಿ ಹಾಲ್ಕೆಟ್‌ದು ಯಾವುದಪ್ಪಾ?"

"ನಂಗೇನ್ ಗೊತ್ತು? ಎಲ್ಲಾ ಕಪ್ಪು. ಹೆಸರೂ ಬರೆದಿಲ್ಲ."

"ವೇಯ್ನ್, ನೀನು?"

ಪ್ರೊಕೊಪ್ ತಕ್ಷಣ ಒಂದು ಜೊತೆ ಎತ್ತಿದ. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಬಟ್ಟೆ ತೆಗೆದು ಅಲಗು ಒರೆಸತೊಡಗಿದ.

"ಆ ಬಟ್ಟೆ ಕೊಡು," ಎಂದಳು ವೆರಾ.

ಅದರ ತುಂಬ ಬೂದು ಬಣ್ಣದ ಪುಡಿ. ಸಿಮೆಂಟು.

* * *

"ಸಿಮೆಂಟ್ ನೆಲದ ಮೇಲೆ ಉಜ್ಜಿದಾರೆ ಅಂತ ಗಾಯ ಮುಟ್ಟಿದಾಗ್ಲೇ ಗೊತ್ತಾಯ್ತು," ವೆರಾ ಹೇಳಿದಳು. "ಆದ್ರೆ ಅಲಗಲ್ಲಿ ಒಂದು ಚೂರು ಪುಡಿ ಇರ್ಲಿಲ್ಲ. ಯಾರೋ ಒರೆಸಿ, ತುಕ್ಕು ಹಿಡೀದಿರ್ಲಿ ಅಂತ ಎಣ್ಣೆನೂ ಸವರಿದ್ರು. ಹೆಸರಿಲ್ಲದ ಹದಿನಾರು ಜೊತೆಯೂ ಅವರವರ ಕೊಕ್ಕೆಗೇ ವಾಪಸ್ ಹೋಗಿತ್ತು. ಹೊರಗಿನೋನು ಎಸೆದು ಓಡ್ತಿದ್ದ. ನೀನು ವರ್ಷಗಟ್ಲೆ ಈ ಮಕ್ಕಳ ಅಲಗು ಒರೆಸಿದೋನು. ಹಾಳ್ ಮಾಡಿದ್ಮೇಲೂ ಕೈ ಸುಮ್ನಿರ್ಲಿಲ್ಲ. ಕೋಣೆ ತೆಗೆದ್ಮೇಲೆ ಈ ಸ್ಕೇಟ್ ನನ್ ಕೈ ಬಿಟ್ಟಿಲ್ಲ. ಹಾಗಾದ್ರೆ ಈ ಪುಡಿ ನಿನ್ ಬಟ್ಟೆಗೆ ಯಾವಾಗ ಬಂತು?"

ಪ್ರೊಕೊಪ್ ಬೆಂಚಿನ ಮೇಲೆ ಕುಸಿದ.

"ಒಂದ್ ಕ್ಲಬ್‌ನೋರು, ಎಲ್ಡನ್ ತಮಗೇ ಸಿಕ್ಕಿದ್ರೆ ನಂಗೆ ಸಹಾಯಕ ಕೋಚ್ ಕೆಲಸ ಕೊಡ್ತೀವಂದ್ರು. ಹುಡುಗರನ್ನ ಆರಿಸೋಕೆ ಅವರ ಸರದಿ ಬರೋದು ಕೊನೇಲಿ. ಅಲ್ಲೀವರೆಗೂ ಎಲ್ಡನ್ನ ಯಾರೂ ತಗೋಬಾರ್ದಿತ್ತು."

"ಒಬ್ಬನ್ನ ಬಚ್ಚಿಡೋಕೆ ಹದಿನಾರು ಮಕ್ಕಳಾ?"

"ಅವನೊಬ್ಬನೇ ನಿಧಾನ ಆದ್ರೆ ಅನುಮಾನ ಬರ್ತಿತ್ತು. ಉತ್ತರದವರೆಲ್ಲಾ ನಿಧಾನ ಅಂದ್ರೆ ಯಾರು ಕೇಳ್ತಾರೆ, ಹೇಳಿ?"

ಅವನು ಹೇಳಿದ್ದು ನಿಜವಾಗಿತ್ತು. ಯಾರೂ ಕೇಳುತ್ತಿರಲಿಲ್ಲ.

ಲೋವನ್ ಬಾಗಿಲ ಕಡೆ ತಿರುಗಿದ. ಅವನ ಹುಡುಗರು ಪರೀಕ್ಷೆ ಮುಗಿಸಿ ಆಗಷ್ಟೇ ಹೊರಬರುತ್ತಿದ್ದರು. "ಏಯ್, ಸ್ಕೇಟ್ ಬಿಚ್ರೋ. ಅಳತೆ ನೋಡಿ ಉತ್ತರದೋರಿಗೆ ಕೊಡಿ."

ಒಬ್ಬನೂ ಯಾಕೆಂದು ಕೇಳಲಿಲ್ಲ. ಒಬ್ಬನಂತೂ ಬಗ್ಗಿ ಹಾಲ್ಕೆಟ್‌ನ ಲೇಸನ್ನೂ ಬಿಗಿದ.

* * *

ಹನ್ನೊಂದೂಕಾಲಿಗೆ ಹಾಲ್ಕೆಟ್ ಓಡಿದ. ಕಾಲಿಗೆ ಕೊಂಚ ದೊಡ್ಡದಾದ, ಇನ್ನೂ ಒದ್ದೆಯಿದ್ದ ಸ್ಕೇಟಿನಲ್ಲಿ. ಎರಡೂ ವಲಯ ಸೇರಿ ಎರಡನೆಯ ಅತ್ಯುತ್ತಮ ವೇಗ. ಆಯ್ಕೆಗಾರರ ಪೆನ್ನುಗಳು ಒಟ್ಟಿಗೇ ಬಾಗಿದವು.

ಅಂಕಣದ ಗಾಜಿನಾಚೆ, ವೆರಾ ಕರೆಸಿದ್ದ ಪೊಲೀಸನ ಪಕ್ಕ ನಿಂತಿದ್ದ ಪ್ರೊಕೊಪ್ ಚಪ್ಪಾಳೆ ತಟ್ಟಿದ. ಕಣ್ಣಲ್ಲಿ ನೀರು.

"ನೋಡಿದ್ರಾ? ನನ್ ಹುಡುಗ ಅವನು! ನಾನು ಕಲಿಸಿದ್ದು!"

"ಇವನನ್ನ ಬೇಗ ಕರ್ಕೊಂಡ್ ಹೋಗಪ್ಪಾ," ವೆರಾ ಪೊಲೀಸನಿಗೆ ಹೇಳಿದಳು. "ಮಗು ಈ ಕಡೆ ಬರ್ತಿದೆ."