ಕರಡಿಮನೆಯ ಕಿಂಡಿ

ಮಾರ್ಚ್ ಹದಿನೇಳು, ಸೋಮವಾರ. ಕಟ್ಟಾಯದ ಕಲ್ಲಮ್ಮ ಠಾಣೆಯ ಮೆಟ್ಟಿಲು ಹತ್ತಿದಾಗ ಬೆಳಿಗ್ಗೆ ಒಂಬತ್ತೂವರೆ. ಅವಳ ಗಂಡ ಹುಲಿಯಪ್ಪ ಹಾಸನದ ಹೊರವಲಯದ ಮೃಗಾಲಯದಲ್ಲಿ ಕರಡಿ ನೋಡಿಕೊಳ್ಳುವವನು. ಹಿಂದಿನ ಬುಧವಾರ ಕರಡಿ ಅವನ ದವಡೆ ಸೀಳಿ ಹಾಕಿತ್ತು.

“ತಾನೇ ಬಾಗ್ಲು ತಗ್ದು ಮೈಮ್ಯಾಲೆ ಬಿಟ್ಕಂಡ ಅಂತಾವ್ರೆ ಮೇಡಮ್ಮೋರೇ. ಅಂಗಂತ ಬರ್ದ್‌ಬುಟ್ರೆ ಪರಿಹಾರಾನೂ ಇಲ್ಲ, ಕೆಲ್ಸಾನೂ ಇಲ್ಲ.”

“ಹಾಗಂದವರು ಯಾರು?” ಪಿಎಸ್ಐ ಸೌಜನ್ಯ ಕೇಳಿದಳು.

“ಜೊತೇಲಿದ್ದ ಬೋರಣ್ಣ.” ಹೇಳಿದವಳೇ ತಡವರಿಸಿದಳು. “ಒಳ್ಳೇನು ಕಣಮ್ಮ. ದಿನಾ ಆಸ್ಪತ್ರೆಗೆ ಗಂಜಿ ತತ್ತಾನೆ. ಒಳೀಕೆ ಬಾ ಅಂದ್ರೆ ಮಾತ್ರ ಬರಾಕಿಲ್ಲ, ಬಾಗ್ಲಲ್ಲೇ ಕೊಟ್ಟು ಓಯ್ತಾನೆ.”

ಎಫ್ಐಆರ್ ದಾಖಲಿಸಿ, ಮಧ್ಯಾಹ್ನ ಇಬ್ಬರು ಪಂಚರ ಮುಂದೆ ಸ್ಥಳ ಪಂಚನಾಮೆ ನಡೆಸಿದರು. ಕರಡಿಮನೆಯನ್ನು ಜನವರಿಯಲ್ಲಷ್ಟೇ ಹೊಸದಾಗಿ ಕಟ್ಟಿಸಲಾಗಿತ್ತು. ನೋಡಲು ಬಂದವರಿಗೆ ಗಾಜಿನ ಗೋಡೆಯ ಪಡಸಾಲೆ, ಕರಡಿಗೆ ಕಲ್ಲಿನ ಗವಿ, ಕೆಲಸಗಾರರಿಗೆ ಫ್ಯಾನು. ಹಿಂದುಗಡೆ ಎರಡು ಕೋಣೆ: ಒಂದರಲ್ಲಿ ಕರಡಿ, ಇನ್ನೊಂದರಲ್ಲಿ ಅದಕ್ಕೆ ಊಟ. ಹುಲಿಯಪ್ಪ ಊಟವಿಟ್ಟು ಆಚೆ ಬಂದ ಮೇಲೆ, ಪಡಸಾಲೆಯ ಮೂಲೆಯಲ್ಲಿ ನಿಂತ ಜೊತೆಗಾರ ಬೋರಪ್ಪ, ಕಲ್ಲಮ್ಮ ಹೇಳಿದ ಬೋರಣ್ಣ, ಸರಪಳಿ ಎಳೆದು ನಡುವಿನ ಕಬ್ಬಿಣದ ಬಾಗಿಲು ಎತ್ತಬೇಕು.

ಊಟದ ಕೋಣೆ ತೆರೆದೊಡನೆ ನಾತ ಮುಖಕ್ಕೆ ಹೊಡೆಯಿತು. ಸೌಜನ್ಯ ಕರವಸ್ತ್ರ ಮೂಗಿಗೆ ಒತ್ತಿಕೊಂಡಳು. ಹೆಡ್ ಕಾನ್‌ಸ್ಟೆಬಲ್ ರಂಗಸ್ವಾಮಿ ಒಳಹೊಕ್ಕು ನಡುವಿನ ಬಾಗಿಲನ್ನೆಲ್ಲ ತಡವಿ ನೋಡಿ ಹೊರಬಂದ.

“ಒಳಗಿಂದ ಎತ್ತಾಕೆ ಒಂದು ಹಿಡೀನೂ ಇಲ್ಲ ಮೇಡಂ. ಕರಡೀನೇ ಪರ್ಮಿಷನ್ ತಗಂಡು ಎತ್ಕಂಡು ಬರ್ಬೇಕಷ್ಟೆ.”

ಸರಪಳಿಯ ಪಕ್ಕದ ಗೋಡೆಯಲ್ಲಿ ಒಂದೆಡೆ ಬಣ್ಣ ಬೇರೆಯಾಗಿತ್ತು.

“ಇಲ್ಲೇನಿತ್ತು?”

“ಕಿಂಡಿ ಇತ್ತು ಮೇಡಂ,” ಎಂದ ಮೇಲ್ವಿಚಾರಕ ಗೌರೀಶಂಕರ. “ಒಳಗಿದ್ದವರು ಆಚೆ ಬಂದ್ರಾ ಅಂತ ಇದ್ರಲ್ಲೇ ನೋಡ್ತಿದ್ರು. ಹೊಸ ನಕ್ಷೇಲೂ ಇತ್ತು, ಕಟ್ಟಿಯೂ ಇದ್ರು. ಏನಾದ್ರೂ ಬದಲಾಯಿಸ್ಬೇಕಾ ಅಂತ ಕೆಲಸದವರನ್ನ ಕೇಳಿದಾಗ ಬೋರಪ್ಪನೇ ಮುಚ್ಚಿಸಿ ಅಂತ ಹಠ ಹಿಡಿದ. ಸುತ್ತಿ ಬಂದು ನೋಡೇ ಎಳೀತೀನಿ ಅಂತ ಒಪ್ಪಿಕೊಂಡಿದ್ದ.”

ಸಂಜೆ ಆಸ್ಪತ್ರೆಯಲ್ಲಿ ಹುಲಿಯಪ್ಪನ ಹೇಳಿಕೆ. ದವಡೆಗೆ ಬ್ಯಾಂಡೇಜು, ಮಾತಿಲ್ಲ.

“ಬಾಗಿಲು ನೀವೇ ಎತ್ತಿದಿರಾ?”

ಅವನು ಹೌದೆಂದು ತಲೆಯಾಡಿಸಿದ.

“ಒಳಗಿನಿಂದ ಅದನ್ನು ಎತ್ತೋಕಾಗಲ್ಲ, ಹುಲಿಯಪ್ಪ.”

ಹುಲಿಯಪ್ಪನ ಕಣ್ಣು ವಾರ್ಡಿನ ಬಾಗಿಲಿನತ್ತ ಹೋಗಿ ಮುಚ್ಚಿಕೊಂಡಿತು. ಅಲ್ಲಿ ಗಂಜಿಯ ಕ್ಯಾರಿಯರ್ ಹಿಡಿದು ಬೋರಪ್ಪ ನಿಂತಿದ್ದ. ಸೌಜನ್ಯ ಹೊರಗೆ ಬಂದಳು.

“ಸರಪಳಿ ಎಳೆದದ್ದು?”

“ನಾನೇ ಮೇಡಮ್ಮೋರೇ.”

“ಸುತ್ತಿ ಹೋಗಿ ನೋಡಿದಿರಾ?”

“ಇಲ್ಲ. ಅಷ್ಟೊತ್ಗೆ ಆಚೀಕ್ ಬಂದಿರ್ತಾನೆ ಅನ್ಕಂಡೆ. ಆಮ್ಯಾಕೆ ಎದ್ರಿ, ಅವ್ನೇ ಬಾಗ್ಲು ತಗ್ದ ಅಂತ ಏಳ್ಬುಟ್ಟೆ.”

“ಕಿಂಡಿ ಯಾಕೆ ಮುಚ್ಚಿಸಿದಿರಿ?”

ಅವನು ಕ್ಯಾರಿಯರ್‌ನ ಮುಚ್ಚಳ ತಿರುಗಿಸುತ್ತಲೇ ಇದ್ದ.

“ಮಗಳು ಭಾಗ್ಯಲಕ್ಷ್ಮೀನ ಹಿರೀಸಾವೆಗೆ ಕೊಟ್ಟಿವ್ನಿ. ಬೀಗ್ರು ಕರಡಿ ನೋಡಾಕ್ ಬಂದಿದ್ರು. ಕಿಂಡೀಲಿ ಗಬ್ಬು ನಾತ ಬಂತು. ಬೀಗಿತ್ತಿ ಮೂಗ್ ಮುಚ್ಕಂಡು, ‘ನಿಮ್ಮಪ್ಪನ್ ಮೈಯಾಗೂ ಇದೇ ವಾಸ್ನೆ ಕಣಮ್ಮ’ ಅಂದ್ರು. ಎಲ್ರೂ ನಕ್ರು. ನನ್ ಮಗಳೂ ನಕ್ಳು.”

ಬಾಗಿಲಲ್ಲಿ ನಿಂತ ಕಲ್ಲಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಅದ್ಕೇ ಏನೋ ಬೋರಣ್ಣ, ಅವನ್ ಮಕ ನೋಡ್ದಂಗೆ ಓಯ್ತಿದ್ದಿದ್ದು?” ಎಂದಳು. ಕ್ಯಾರಿಯರ್‌ಗೆ ಕೈ ಚಾಚಲಿಲ್ಲ. ಬೋರಪ್ಪ ಅದನ್ನು ಹೊಸಿಲ ಮೇಲಿಟ್ಟ.

ಭಾರತೀಯ ನ್ಯಾಯ ಸಂಹಿತೆಯ ಕಲಂ 125ರಡಿ, ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದದ್ದಕ್ಕೆ, ಅವನನ್ನು ಬಂಧಿಸಲಾಯಿತು. ಹುಲಿಯಪ್ಪನ ತಪ್ಪಿಲ್ಲವೆಂದು ಸೌಜನ್ಯ ಅಂದೇ ವರದಿ ಬರೆದಳು.

“ಬಂಧನದ ವಿಷಯ ಯಾರಿಗೆ ತಿಳಿಸಬೇಕು?” ಎಂದು ರಂಗಸ್ವಾಮಿ ಕೇಳಿದ್ದಕ್ಕೆ ಬೋರಪ್ಪ, “ಹಿರೀಸಾವೆಗೊಂದು ಬ್ಯಾಡ ಸಾ,” ಎಂದಷ್ಟೇ ಹೇಳಿದ್ದ.

ಜೀಪಿನಲ್ಲಿ ಅವನು ರಂಗಸ್ವಾಮಿಗೆ ಮೈ ತಾಗದಂತೆ ಮೂಲೆಗೆ ಅಂಟಿ ಕುಳಿತ. “ವಾಸ್ನೆ ಒಡೀತೈತಾ ಸಾ?” ಎಂದ.

ಮುಂದೆ ಕುಳಿತ ಸೌಜನ್ಯಳ ಕೈಯಲ್ಲಿ ಮಧ್ಯಾಹ್ನದ ಕರವಸ್ತ್ರ ಇನ್ನೂ ಇತ್ತು. ಜೀಪಿನ ತುಂಬ ಬರೀ ಅವನ ಮೈಯ ಸೋಪಿನ ವಾಸನೆ. ಅವಳು ಕರವಸ್ತ್ರವನ್ನು ಮುಷ್ಟಿಯೊಳಗೆ ಮುದುರಿಕೊಂಡಳು.